ಸಿಬಾತು ದಾಟಿದ ಮೇಲೆ

ಭಾನುವಾರ. ಹೊಲಿಗೆ ಯಂತ್ರಗಳಿಗೂ ರಜೆ.
ರಾಂಚಾಏಕೆಕ್ ನಿಲ್ದಾಣದಲ್ಲಿ ನಾನು, ಇಮಾಸ್,
ಒಂದು ಲಕ್ಷ ರುಪಿಯಾದ ಒಂದೇ ನೋಟು,
ನಿನ್ನೆ ರಾತ್ರಿಯಿಂದ ಬೇಕೆಂದೇ ಖಾಲಿ ಇಟ್ಟ ಎರಡು ಹೊಟ್ಟೆ.
(ಲಕ್ಷವೆಂದರೆ ಬೆಚ್ಚಬೇಡಿ.
ಇಲ್ಲಿ ಅದಕ್ಕೆ ಒಂದು ಜೊತೆ ಚಪ್ಪಲಿ ಬಂದರೆ ಪುಣ್ಯ.)

ಗಾರುತ್‌ನಲ್ಲಿ ಯಾರಿದ್ದಾರೆ ನಿಮಗೆ? ಮೇಲ್ವಿಚಾರಕ ಕೇಳಿದ್ದ.
ಯಾರೂ ಇಲ್ಲ ಸಾರ್, ತಿನ್ನೋಕೆ ಹೋಗ್ತೀವಿ, ಅಂದೆ.
ಇಮಾಸ್ ದಾರ ಕಚ್ಚಿ ತುಂಡರಿಸಿದಳು,
ಮಾತಾಡಲಿಲ್ಲ.

ನಾಗ್ರೆಗ್ ಏರಿನಲ್ಲಿ ರೈಲಿಗೆ ಏದುಸಿರು.
ಗದ್ದೆಗಳು ಮೆಟ್ಟಿಲಿಳಿದು ಕಣಿವೆಗೆ ಹೋಗಿ
ಕಾಲು ತೊಳೆದುಕೊಂಡು ಮತ್ತೆ ಹತ್ತಿ ಬರುತ್ತವೆ.
ಲೆಬಾಕ್ ಜೆರೋ ತಿರುವಿನಲ್ಲಿ ನಮ್ಮದೇ ಎಂಜಿನ್
ಕಿಟಕಿಯಲ್ಲಿ ಕಂಡಿತು, ಬೇರೆ ಯಾರದೋ ರೈಲಿನ ಹಾಗೆ.
ಎದುರು ಸೀಟಿನ ಹುಡುಗ ಅದಕ್ಕೆ ಕೈ ಬೀಸಿದ.
ದೂರದಲ್ಲಿ ಗುಂತುರ್. ಹೆಸರಿನ ಅರ್ಥ ಗುಡುಗು;
ತಲೆ ಬೋಳಿಸಿಕೊಂಡು ಸುಮ್ಮನೆ ಕೂತಿದೆ.

ಲೆಲೆಸ್ ಬಂದಾಗ ಬೆಲ್ಲ ಕಾಯುವ ವಾಸನೆ ಬರಬೇಕು.
ಬರಲಿಲ್ಲ. ಈ ಬೋಗಿಯ ಗಾಜು ತೆರೆಯುವುದಿಲ್ಲ,
ಬುಟ್ಟಿ ಹೊತ್ತವರು ಹತ್ತುವ ಹಾಗಿಲ್ಲ.
ಮೂಗನ್ನು ಗಾಜಿಗೊತ್ತಿ ಊಹಿಸಿದೆವು.

ಸಿಬಾತುವಿನಲ್ಲಿ ಎಂಜಿನ್ ಕಳಚಿಕೊಂಡು
ಪಕ್ಕದ ಹಳಿಯಲ್ಲಿ ನಡೆದು ಬಂದು
ಬಾಲವನ್ನು ಕಚ್ಚಿಕೊಂಡಿತು. ಬಾಲವೀಗ ತಲೆ.
ಮುಂದೆ ನೋಡುತ್ತ ಬಂದವರೆಲ್ಲ
ಇನ್ನು ಬೆನ್ನು ಕೊಟ್ಟು ಹೋಗಬೇಕು.
ಆಚೆ ಸೀಟಿಗೆ ಹೋಗೋಣ ಬಾ, ಅಂದೆ.
ಬೇಡ, ಅಂದಳು, ಇಲ್ಲಿಂದಾಚೆ ಹೀಗೇ ಸರಿ.

ಆಮೇಲೆ ತುಟಿಯಲ್ಲೇ ಎಣಿಸತೊಡಗಿದಳು:
ಹಸಿರು ಗುಮ್ಮಟ, ಮೋರಿಯ ಸಂಕ, ಬಿದಿರ ಮೆಳೆ,
ಇದು. ಇದೇ ನಮ್ಮ ಅಡುಗೆಮನೆ!
ನಾನು ತಿರುಗುವಷ್ಟರಲ್ಲಿ ಬರೀ ಜಲ್ಲಿಕಲ್ಲು,
ಒಂದು ಬಾಳೆ, ಬೇಲಿಗೆ ಹರವಿದ ಯಾರದೋ ಲಂಗ.

ರೈಲು ನಿಂತುಹೋಗಿ ಮೂವತ್ತು ಚಿಲ್ಲರೆ ವರ್ಷವಂತೆ.
ಹಳಿಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೋಳಿ,
ಕೋಳಿಯ ಹಿಂದೆ ಮನೆಗಳು.
ಅವಳಮ್ಮನ ಒಲೆಗೆ ಒಂದು ಬದಿ ಇಟ್ಟಿಗೆ,
ಇನ್ನೊಂದು ಬದಿ ಹಳಿ.
ಮಣ್ಣಿನ ಕಾವಲಿಯಲ್ಲಿ ಬೆಳಗಿನ ನಾಲ್ಕಕ್ಕೆ
ಅಕ್ಕಿಹಿಟ್ಟು, ತೆಂಗಿನ ಹಾಲು ಹೊಯ್ದ ಸುರಾಬಿ.
ಆ ಹಳಿ ರೈಲು ಹೊತ್ತಿದ್ದಕ್ಕಿಂತ
ಕಾವಲಿ ಹೊತ್ತದ್ದೇ ಹೆಚ್ಚು, ಅಂದಳು.
ಒಂದು ದಿನ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದರು.
ಗೋಡೆಗೊಂದು ಸಂಖ್ಯೆ, ಕೈಗಷ್ಟು ದುಡ್ಡು.
ಆ ದುಡ್ಡಲ್ಲೇ ನಾನು ಹೊಲಿಗೆ ಕಲಿತದ್ದು.

ಗಾರುತ್‌ನಲ್ಲಿ ಮಾತಿಗೆ ಬಿಡುವಿಲ್ಲ.
ಬಾಸೊ ಅಚಿ: ಖಾರದ ಸಾರಿನಲ್ಲಿ ಜಾರುವ ಮರಗೆಣಸಿನ ಉಂಡೆ,
ಹಲ್ಲಿಗೆ ಸಿಕ್ಕೂ ಸಿಗದ ಹಾಗೆ. ಕಣ್ಣಲ್ಲಿ ನೀರು, ಮೂಗಲ್ಲೂ.
ಮಾಂಗ್ ಓಡಿಂಗ್‌ನ ಗಾಡಿಯಲ್ಲಿ ಬಾಂದ್ರೆಕ್,
ಶುಂಠಿ ಗಂಟಲಲ್ಲಿ ದೀಪ ಹಚ್ಚಿತು.
ಬುರಾಯೊತ್: ತಾಳೆಬೆಲ್ಲದ ಹಿಟ್ಟನ್ನು ಎಣ್ಣೆಯಿಂದ
ಕಡ್ಡಿಯಲ್ಲಿ ಎತ್ತಿದರೆ ಜೋತು ಬೀಳುತ್ತದೆ,
ಕಜ್ಜಾಯಕ್ಕೆ ನಿದ್ದೆ ಬಂದ ಹಾಗೆ.

ಕೊನೆಗೆ ಓಣಿಯ ಮೂಲೆಯಲ್ಲಿ ಸುರಾಬಿ.
ನಾನು ಅವಳ ಬಾಯನ್ನೇ ನೋಡುತ್ತಿದ್ದೆ.
ಉಪ್ಪು ಸಾಲದು, ಅಂದಳು.
ಎರಡನೆಯದಕ್ಕೆ: ಅಂಚು ಸೀದಿದೆ.
ಮೂರನೆಯದಕ್ಕೆ: ತೆಂಗಿನಹಾಲಿಗೆ ನೀರು ಬೆರೆಸಿದ್ದಾಳೆ ಮುದುಕಿ.
ನಾಲ್ಕನೆಯದನ್ನು ಏನೂ ಅನ್ನದೆ ತಿಂದಳು.
ಎರಡು ಕಟ್ಟಿಸಿಕೊಂಡಳು.

ಸಂಜೆಯ ರೈಲು. ಅದೇ ಸೀಟು, ಈಗ ಮುಖ ಮುಂದಕ್ಕೆ.
ನೋಟು ಹೋಗಿ ನಾಣ್ಯ ಉಳಿದಿದೆ.
ಹೊರಡುವ ಮೊದಲೇ ಇಮಾಸ್ ನಿದ್ದೆಹೋದಳು
ನನ್ನ ಹೆಗಲ ಮೇಲೆ, ಬಾಯಿ ತೆರೆದು.
ಬಿದಿರ ಮೆಳೆ ಕಂಡಾಗ ಎದೆ ಡವಗುಟ್ಟಿತು.
ಎಬ್ಬಿಸಲೇ?
ಅಷ್ಟರಲ್ಲಿ ಬಾಳೆ. ಬೇಲಿ. ಲಂಗವನ್ನು ಯಾರೋ ಒಳಗೊಯ್ದಿದ್ದರು.
ಆಮೇಲೆ ಸಂಕ, ಆಮೇಲೆ ಗುಮ್ಮಟದ ದೀಪ.

ಮಡಿಲಿನ ಪೊಟ್ಟಣ ಇನ್ನೂ ಬೆಚ್ಚಗಿತ್ತು.
ತೆಂಗಿನಹಾಲಿನ ಜಿಡ್ಡು ಎಲೆ ದಾಟಿ, ಕಾಗದ ದಾಟಿ,
ಅವಳೇ ಹೊಲಿದ ಅಂಗಿಯ ಅಂಚಿಗೆ ಇಳಿಯುತ್ತಿತ್ತು.